ಇಮೇಲ್ ವಿಳಾಸ ಪುಸ್ತಕದ ವರ್ಗಾವಣೆ

ಇಮೇಲ್ ವಿಳಾಸ ಪುಸ್ತಕದ ವರ್ಗಾವಣೆ ಎಂದರೆ ಒಂದು ಇಮೇಲ್ ತಂತ್ರಾಂಶದಲ್ಲಿ ಕೂಡಿಟ್ಟಿರುವ ಹೆಸರು, ಇಮೇಲ್ ವಿಳಾಸ, ದೂರವಾಣಿ ಸಂಖ್ಯೆ, ಅಂಚೆ ವಿಳಾಸ ಮುಂತಾದ ಸಂಪರ್ಕ ದಾಖಲೆಗಳನ್ನು ಅದೇ ತಂತ್ರಾಂಶದ ಬೇರೆ ಆವೃತ್ತಿಗೆ ಅಥವಾ ಬೇರೊಂದು ತಂತ್ರಾಂಶಕ್ಕೆ ಸಾಗಿಸುವ ಕೆಲಸ. ಕಂಪ್ಯೂಟರ್ ಬದಲಾದಾಗ, ಆಪರೇಟಿಂಗ್ ಸಿಸ್ಟಂ ನವೀಕರಣಗೊಂಡಾಗ, ತಂತ್ರಾಂಶಕ್ಕೆ ಬೆಂಬಲ ನಿಂತಾಗ ಇದರ ಅಗತ್ಯ ಬೀಳುತ್ತದೆ.

ಇದೊಂದು ಪ್ರತ್ಯೇಕ ಕೆಲಸವಾಗಿ ಉಳಿದಿರುವುದಕ್ಕೆ ಮೂಲ ಕಾರಣ ಇಮೇಲ್ ವ್ಯವಸ್ಥೆಯ ರಚನೆಯಲ್ಲೇ ಇದೆ. ಸರ್ವರ್‌ನಿಂದ ಪತ್ರಗಳನ್ನು ತರುವ ಪಾಪ್ ಮತ್ತು ಐಮ್ಯಾಪ್ ಪ್ರೊಟೊಕಾಲ್‌ಗಳು ಪತ್ರಗಳನ್ನು ಮಾತ್ರ ತರುತ್ತವೆ, ವಿಳಾಸ ಪುಸ್ತಕವನ್ನು ಮುಟ್ಟುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಹಳೆಯ ಖಾತೆಯ ಹೆಸರು, ಪಾಸ್‌ವರ್ಡ್ ಕೊಟ್ಟ ಕೂಡಲೇ ಐಮ್ಯಾಪ್ ಮೂಲಕ ವರ್ಷಗಟ್ಟಲೆಯ ಪತ್ರಗಳು ಬಂದು ಕೂರುತ್ತವೆ. ವಿಳಾಸ ಪುಸ್ತಕ ಮಾತ್ರ ಖಾಲಿ ಇರುತ್ತದೆ. ಅದು ಹಳೆಯ ಯಂತ್ರದ ಡಿಸ್ಕ್‌ನಲ್ಲಿ, ಆ ತಂತ್ರಾಂಶದ ಸ್ವಂತ ಕಡತದಲ್ಲಿ ಉಳಿದುಬಿಟ್ಟಿರುತ್ತದೆ.

ಪರಿಭಾಷೆ

ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂಸ್ಥೆಗೆ ಸೇರಿದ ಮಾಹಿತಿಯ ಗುಚ್ಛಕ್ಕೆ ಸಂಪರ್ಕ ದಾಖಲೆ ಅಥವಾ ಬಳಕೆಯ ಮಾತಿನಲ್ಲಿ ಕಾಂಟ್ಯಾಕ್ಟ್ ಎಂದು ಹೆಸರು. ಇಂಥ ದಾಖಲೆಗಳ ಸಂಗ್ರಹವೇ ವಿಳಾಸ ಪುಸ್ತಕ. ದಾಖಲೆಯೊಳಗಿನ ಒಂದೊಂದು ಬಗೆಯ ಮಾಹಿತಿಗೆ ಮೀಸಲಾದ ಜಾಗಕ್ಕೆ ಕ್ಷೇತ್ರ ಎನ್ನುತ್ತಾರೆ. ಕೋಷ್ಟಕ ರೂಪದ ಕಡತದಲ್ಲಿ ಅದೇ ಅಂಕಣವಾಗುತ್ತದೆ. ತಂತ್ರಾಂಶದಿಂದ ದಾಖಲೆಗಳನ್ನು ಕಡತವಾಗಿ ಹೊರತೆಗೆಯುವುದು ರಫ್ತು, ಆ ಕಡತವನ್ನು ಇನ್ನೊಂದು ತಂತ್ರಾಂಶಕ್ಕೆ ಓದಿಸುವುದು ಆಮದು. ಮೂಲದ ಕ್ಷೇತ್ರವು ಗುರಿಯ ಯಾವ ಕ್ಷೇತ್ರಕ್ಕೆ ಹೋಗಿ ಸೇರಬೇಕೆಂದು ಗೊತ್ತುಪಡಿಸುವುದು ಕ್ಷೇತ್ರ ಹೊಂದಾಣಿಕೆ. ಎರಡು ಕಡೆಯ ದಾಖಲೆಗಳನ್ನು ಸದಾ ಸಮವಾಗಿರಿಸುವ ಏರ್ಪಾಡಿಗೆ ಸಿಂಕ್ ಎಂಬ ಮಾತೇ ರೂಢಿ.

ರಫ್ತು-ಆಮದಿಗೂ ಸಿಂಕ್‌ಗೂ ಇರುವ ವ್ಯತ್ಯಾಸವನ್ನು ಗಮನದಲ್ಲಿ ಇಡಬೇಕು. ರಫ್ತಾದ ಕಡತ ಆ ಹೊತ್ತಿನ ಪ್ರತಿ. ಅಲ್ಲಿಂದಾಚೆಗೆ ಮೂಲದಲ್ಲಿ ಏನೇ ಬದಲಾದರೂ ಪ್ರತಿ ಹಾಗೆಯೇ ಇರುತ್ತದೆ. ಸಿಂಕ್ ಆದರೆ ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸಿಬಿಡುತ್ತದೆ. ಆದ್ದರಿಂದ ಸಿಂಕ್ ಇದೆ ಎಂಬುದನ್ನು ಬ್ಯಾಕಪ್ ಇದೆ ಎಂದು ತಿಳಿಯಬಾರದು.

ಹಿನ್ನೆಲೆ

ವಿಳಾಸ ಪುಸ್ತಕದ ಮೊದಲ ರೂಪ ಅಡ್ಡಹೆಸರುಗಳ ಪಟ್ಟಿ. ಯುನಿಕ್ಸ್ ಯಂತ್ರಗಳ ಮೇಲ್ ತಂತ್ರಾಂಶದಲ್ಲಿ ಬಳಕೆದಾರನ ಸಂಯೋಜನಾ ಕಡತದ ಒಂದು ಸಾಲಿನಲ್ಲಿ ‘ಅಲಿಯಾಸ್’ ಎಂಬ ಪದ, ಅದರ ಮುಂದೆ ಚಿಕ್ಕ ಹೆಸರು, ಅದರ ಮುಂದೆ ಪೂರ್ಣ ಇಮೇಲ್ ವಿಳಾಸ ಬರೆದರೆ ಮುಗಿಯಿತು. ಸ್ಟೀವ್ ಡಾರ್ನರ್ 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಚಿಸಿದ ಯುಡೋರಾ ಕೂಡ ಈ ‘ನಿಕ್‌ನೇಮ್’ ಪದ್ಧತಿಯನ್ನೇ ಅನುಸರಿಸಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ತಂತ್ರಾಂಶ ಅಡ್ಡಹೆಸರು, ಪೂರ್ಣ ಹೆಸರು, ವಿಳಾಸಗಳನ್ನು ಟ್ಯಾಬ್‌ನಿಂದ ಬೇರ್ಪಡಿಸಿ ಇಟ್ಟಿತು. ಇವೆಲ್ಲ ಸರಳ ಪಠ್ಯ ಕಡತಗಳಾದ್ದರಿಂದ ವರ್ಗಾವಣೆ ಎಂದರೆ ಕಡತದ ಪ್ರತಿ ತೆಗೆದುಕೊಳ್ಳುವುದಷ್ಟೇ ಆಗಿತ್ತು. ತಪ್ಪಿದ್ದರೆ ಕಣ್ಣಿಗೇ ಕಾಣುತ್ತಿತ್ತು.

1990ರ ದಶಕದ ನಡುವಿನಲ್ಲಿ ಈ ಸರಳತೆ ಹೋಯಿತು. ವಿಳಾಸ ಪುಸ್ತಕಕ್ಕೆ ಕಚೇರಿ ಫೋನ್, ಮನೆ ಫೋನ್, ಫ್ಯಾಕ್ಸ್, ಹುದ್ದೆ, ಹುಟ್ಟಿದ ದಿನ, ಭಾವಚಿತ್ರ ಸೇರಿದವು. ಪ್ರತಿ ಕಂಪನಿಯೂ ತನ್ನದೇ ದ್ವಿಮಾನ ಕಡತವನ್ನು ರೂಪಿಸಿಕೊಂಡಿತು. ಮೈಕ್ರೋಸಾಫ್ಟ್‌ನ ಔಟ್‌ಲುಕ್ ಎಕ್ಸ್‌ಪ್ರೆಸ್ ‘ಡಬ್ಲ್ಯುಎಬಿ’ ಕಡತವನ್ನು, ಔಟ್‌ಲುಕ್ ‘ಪಿಎಬಿ’ ಹಾಗೂ ‘ಪಿಎಸ್‌ಟಿ’ ಕಡತಗಳನ್ನು, ನೆಟ್‌ಸ್ಕೇಪ್ ತನ್ನದೇ ಇನ್ನೊಂದನ್ನು ಬಳಸಿದವು. ಒಂದೇ ಕಂಪನಿಯ ಎರಡು ತಂತ್ರಾಂಶಗಳು ಕೂಡ ಒಂದರ ಕಡತವನ್ನು ಇನ್ನೊಂದು ನೇರವಾಗಿ ತೆರೆಯದ ಸ್ಥಿತಿ ಬಂತು.

ಇದಕ್ಕೆ ಪರಿಹಾರವಾಗಿ ಆಪಲ್, ಎಟಿ ಅಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಕಂಪನಿಗಳು ಸೇರಿ ಕಟ್ಟಿದ ವರ್ಸಿಟ್ ಒಕ್ಕೂಟವು 1995ರ ಹೊತ್ತಿಗೆ ವಿಕಾರ್ಡ್ ಎಂಬ ಸಮಾನ ಮಾದರಿಯನ್ನು ಮುಂದಿಟ್ಟಿತು. ಪರಿಚಯದ ವಿಸಿಟಿಂಗ್ ಕಾರ್ಡಿನ ವಿದ್ಯುನ್ಮಾನ ರೂಪ ಎಂಬುದು ಅದರ ಕಲ್ಪನೆ. ಅದರ 2.1ನೇ ಆವೃತ್ತಿ 1996ರಲ್ಲಿ ಬಂತು. ಅದೇ ವರ್ಷದ ಕೊನೆಗೆ ಇದರ ಹೊಣೆ ಇಂಟರ್‌ನೆಟ್ ಮೇಲ್ ಕನ್ಸಾರ್ಷಿಯಂಗೆ ಹೋಯಿತು. ಇಂಟರ್‌ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ 1998ರಲ್ಲಿ 3.0 ಆವೃತ್ತಿಯನ್ನು ಆರ್‌ಎಫ್‌ಸಿ ಎಂಬ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 2426 ಆಗಿ, 2011ರಲ್ಲಿ 4.0 ಆವೃತ್ತಿಯನ್ನು ಆರ್‌ಎಫ್‌ಸಿ 6350 ಆಗಿ ಪ್ರಕಟಿಸಿತು.

ದಾಖಲೆಯ ರಚನೆ

ಸಂಪರ್ಕ ದಾಖಲೆಯನ್ನು ಹತ್ತಿರದಿಂದ ನೋಡಲು ವಿಕಾರ್ಡ್ ಕಡತವೊಂದನ್ನು ಸಾಮಾನ್ಯ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು. ಮೊದಲ ಸಾಲಿನಲ್ಲಿ ‘ಬಿಗಿನ್:ವಿಕಾರ್ಡ್’, ಕೊನೆಯ ಸಾಲಿನಲ್ಲಿ ‘ಎಂಡ್:ವಿಕಾರ್ಡ್’ ಎಂದಿರುತ್ತದೆ. ನಡುವಿನ ಪ್ರತಿ ಸಾಲಿನಲ್ಲೂ ಕ್ಷೇತ್ರದ ಹೆಸರು, ವಿವರಣ ಚಿಹ್ನೆ, ಮಾಹಿತಿ ಈ ಕ್ರಮ. ‘ವರ್ಷನ್’ ಮಾದರಿಯ ಆವೃತ್ತಿಯನ್ನು ಹೇಳುತ್ತದೆ. ‘ಟೆಲ್’ ದೂರವಾಣಿ, ‘ಇಮೇಲ್’ ಇಮೇಲ್ ವಿಳಾಸ, ‘ಎಡಿಆರ್’ ಅಂಚೆ ವಿಳಾಸ, ‘ಓಆರ್‌ಜಿ’ ಸಂಸ್ಥೆ, ‘ಬಿಡೇ’ ಹುಟ್ಟಿದ ದಿನ, ‘ನೋಟ್’ ಟಿಪ್ಪಣಿ. ‘ಯುಐಡಿ’ ಆ ದಾಖಲೆಯ ಅನನ್ಯ ಗುರುತು. ಒಂದೇ ದಾಖಲೆ ಎರಡು ಬಾರಿ ಬಂದಾಗ ಎರಡೂ ಒಂದೇ ಎಂದು ತಂತ್ರಾಂಶ ತಿಳಿಯುವುದು ಇದರಿಂದ. ಭಾವಚಿತ್ರವಿದ್ದರೆ ಅದನ್ನು ಬೇಸ್64 ವಿಧಾನದಲ್ಲಿ ಅಕ್ಷರಗಳಾಗಿ ಬದಲಿಸಿ ಕಡತದೊಳಗೇ ಸೇರಿಸುತ್ತಾರೆ. ಆಗ ಅದರ ಗಾತ್ರ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ.

ಹೆಸರಿಗೆ ಎರಡು ಕ್ಷೇತ್ರಗಳಿವೆ. ‘ಎನ್’ ಕ್ಷೇತ್ರ ಹೆಸರನ್ನು ಐದು ತುಂಡು ಮಾಡಿ ಅರ್ಧವಿರಾಮಗಳ ನಡುವೆ ಇಡುತ್ತದೆ: ಕುಟುಂಬದ ಹೆಸರು, ಇಟ್ಟ ಹೆಸರು, ನಡುವಿನ ಹೆಸರುಗಳು, ಮುಂದಿನ ಗೌರವಸೂಚಕ, ಹಿಂದಿನ ಪದವಿಸೂಚಕ. ‘ಎಫ್‌ಎನ್’ ಕ್ಷೇತ್ರ ತೆರೆಯ ಮೇಲೆ ಕಾಣಬೇಕಾದ ಪೂರ್ಣ ಹೆಸರನ್ನು ಒಂದೇ ತುಂಡಾಗಿ ಇಡುತ್ತದೆ. 2.1ರಲ್ಲಿ ‘ಎನ್’ ಕಡ್ಡಾಯ, 3.0ರಲ್ಲಿ ಎರಡೂ ಕಡ್ಡಾಯ; 4.0ರಲ್ಲಿ ‘ಎಫ್‌ಎನ್’ ಮಾತ್ರ ಕಡ್ಡಾಯ. ಕುಟುಂಬದ ಹೆಸರಿನ ಪದ್ಧತಿ ಇಲ್ಲದ ನಾಡುಗಳ ಹೆಸರುಗಳಿಗೆ ಮಾದರಿಯು ಸರಿಯಾದ ಜಾಗ ಕೊಟ್ಟದ್ದು ಈ ಕೊನೆಯ ಬದಲಾವಣೆಯಿಂದಲೇ.

ಪ್ರತಿ ತಂತ್ರಾಂಶದ ಒಳಗಿನ ರಚನೆ ಈ ಸಮಾನ ಮಾದರಿಗೆ ಪೂರಾ ಹೊಂದುವುದಿಲ್ಲ. ಔಟ್‌ಲುಕ್‌ನ ದಾಖಲೆಯಲ್ಲಿ ಮೂರು ಇಮೇಲ್ ವಿಳಾಸಗಳಿಗೆ ಜಾಗವಿದೆ. ಥಂಡರ್‌ಬರ್ಡ್‌ನಲ್ಲಿ 102ನೇ ಆವೃತ್ತಿ ಬರುವವರೆಗೆ ಎರಡಕ್ಕೆ ಮಾತ್ರ ಇತ್ತು. ವಿಕಾರ್ಡ್‌ನಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ನಾಲ್ಕು ವಿಳಾಸಗಳಿರುವ ದಾಖಲೆಯೊಂದು ಈ ಮೂರರ ನಡುವೆ ಓಡಾಡಿದರೆ ಪ್ರತಿ ಹಂತದಲ್ಲೂ ಏನಾದರೊಂದನ್ನು ಕಳೆದುಕೊಳ್ಳುವ ಸಂಭವವಿದೆ. ವರ್ಗಾವಣೆಯ ಬಹುಪಾಲು ತೊಂದರೆಗಳಿಗೆ ಇದೇ ಬೇರು: ದಾಖಲೆಗಳ ಲೆಕ್ಕ ಸರಿಯಾಗಿಯೇ ಇರುತ್ತದೆ, ಪ್ರತಿ ದಾಖಲೆಯ ಒಳಗೆ ಯಾವುದು ಏನು ಎಂಬ ಗುರುತು ಕಳಚಿಹೋಗಿರುತ್ತದೆ.

ಕಡತ ಮಾದರಿಗಳು

ವಿಕಾರ್ಡ್ ಬಿಟ್ಟರೆ ಹೆಚ್ಚು ಬಳಕೆಯಲ್ಲಿರುವುದು ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಕೋಷ್ಟಕ. ಪ್ರತಿ ಸಾಲು ಒಂದು ದಾಖಲೆ. ಮೊದಲ ಸಾಲಿನಲ್ಲಿ ಅಂಕಣಗಳ ಶೀರ್ಷಿಕೆ. ಮಾಹಿತಿಯ ಒಳಗೇ ಅಲ್ಪವಿರಾಮವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ದಶಕಗಳಿಂದ ಬಳಕೆಯಲ್ಲಿದ್ದ ಈ ಪದ್ಧತಿಯನ್ನು 2005ರಲ್ಲಿ ಆರ್‌ಎಫ್‌ಸಿ 4180 ದಾಖಲಿಸಿತು. ಆದರೆ ಅಂಕಣಗಳ ಹೆಸರೇನು, ಎಷ್ಟಿರಬೇಕು, ಅಕ್ಷರಗಳ ಸಂಕೇತ ಯಾವುದು ಎಂಬುದನ್ನು ಅದು ಗೊತ್ತುಪಡಿಸಲಿಲ್ಲ. ಹೀಗಾಗಿ ‘ಔಟ್‌ಲುಕ್ ಸಿಎಸ್‌ವಿ’ ಬೇರೆ, ‘ಗೂಗಲ್ ಸಿಎಸ್‌ವಿ’ ಬೇರೆ. ಔಟ್‌ಲುಕ್ ಕಡತದಲ್ಲಿ ತೊಂಬತ್ತರಷ್ಟು ಅಂಕಣಗಳಿರುತ್ತವೆ, ಬಹುಪಾಲು ಖಾಲಿ. ಸಿಎಸ್‌ವಿಯಲ್ಲಿ ಭಾವಚಿತ್ರ ಹೋಗುವುದಿಲ್ಲ. ಔಟ್‌ಲುಕ್‌ನ ಗುಂಪು ಪಟ್ಟಿಗಳೂ ಹೋಗುವುದಿಲ್ಲ. ಎಕ್ಸೆಲ್‌ನಲ್ಲಿ ತೆರೆದು ಕಣ್ಣಾಡಿಸಿ ತಿದ್ದಲು ಅನುಕೂಲ ಎಂಬುದೇ ಅದರ ದೊಡ್ಡ ಗುಣ, ಮುಂದೆ ನೋಡುವಂತೆ ಅದೇ ಅದರ ದೊಡ್ಡ ಅಪಾಯ ಕೂಡ.

ಮೂರನೆಯದು ಎಲ್‌ಡಿಐಎಫ್. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ ಬೆಳೆದ ಎಲ್‌ಡ್ಯಾಪ್ ಡೈರೆಕ್ಟರಿ ಪ್ರೊಟೊಕಾಲ್‌ನ ಪಠ್ಯರೂಪ ಇದು. 2000ದಲ್ಲಿ ಆರ್‌ಎಫ್‌ಸಿ 2849 ಆಯಿತು. ನೆಟ್‌ಸ್ಕೇಪ್, ಅದರ ವಂಶದ ಮೊಜಿಲ್ಲಾ ಮತ್ತು ಥಂಡರ್‌ಬರ್ಡ್‌ಗಳ ನಡುವೆ ಗುಂಪು ಪಟ್ಟಿಗಳ ಸಮೇತ ದಾಖಲೆಗಳನ್ನು ಸಾಗಿಸಲು ಇದು ನೆಚ್ಚಿನ ಮಾರ್ಗವಾಗಿತ್ತು.

ತಂತ್ರಾಂಶಗಳ ಸ್ವಂತ ಕಡತಗಳಲ್ಲಿ ಪಿಎಸ್‌ಟಿಗೆ ವಿಶೇಷ ಸ್ಥಾನವಿದೆ. ಔಟ್‌ಲುಕ್ ತನ್ನ ಪತ್ರ, ದಿನಚರಿ, ಸಂಪರ್ಕಗಳೆಲ್ಲವನ್ನೂ ಇದರೊಳಗೆ ಇಡುತ್ತದೆ. ಹಳೆಯ ಪಿಎಸ್‌ಟಿ 2 ಗಿಗಾಬೈಟ್ ಮಿತಿಯದು; ಔಟ್‌ಲುಕ್ 2003ರಲ್ಲಿ ಯುನಿಕೋಡ್ ಪಿಎಸ್‌ಟಿ ಬಂದು ಆ ಮಿತಿ ಹೋಯಿತು. 2010ರಲ್ಲಿ ಮೈಕ್ರೋಸಾಫ್ಟ್ ಈ ಕಡತದ ಒಳವಿನ್ಯಾಸದ ವಿವರವನ್ನು ಪ್ರಕಟಿಸಿದ್ದರಿಂದ ಔಟ್‌ಲುಕ್ ಇಲ್ಲದ ಯಂತ್ರದಲ್ಲೂ ಅದನ್ನು ಓದುವ ದಾರಿ ಸುಗಮವಾಯಿತು. ಮುಕ್ತ ತಂತ್ರಾಂಶವಾದ ರೀಡ್‌ಪಿಎಸ್‌ಟಿ ಅದರಿಂದ ಸಂಪರ್ಕಗಳನ್ನು ವಿಕಾರ್ಡ್ ಆಗಿ ತೆಗೆದುಕೊಡುತ್ತದೆ.

ಆವೃತ್ತಿಗಳ ನಡುವಿನ ದಾಟು: ಮೈಕ್ರೋಸಾಫ್ಟ್ ತಂತ್ರಾಂಶಗಳು

ಒಂದೇ ಕಂಪನಿಯ ತಂತ್ರಾಂಶ ಆವೃತ್ತಿಯಿಂದ ಆವೃತ್ತಿಗೆ ತನ್ನ ವಿಳಾಸ ಪುಸ್ತಕವನ್ನು ಹೇಗೆ ಬದಲಿಸುತ್ತ ಹೋಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಚರಿತ್ರೆ ವಿವರವಾದ ಉದಾಹರಣೆ. ವಿಂಡೋಸ್ ಜೊತೆ ಉಚಿತವಾಗಿ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಹೆಸರು 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 4ರೊಂದಿಗೆ ಬಂತು. ಅದರ ವಿಂಡೋಸ್ ಅಡ್ರೆಸ್ ಬುಕ್ ಒಂದೇ ಡಬ್ಲ್ಯುಎಬಿ ಕಡತ. ಅದು ಬಳಕೆದಾರನ ‘ಅಪ್ಲಿಕೇಶನ್ ಡೇಟಾ’ ಎಂಬ ಮರೆಯ ಫೋಲ್ಡರಿನೊಳಗೆ ಇರುತ್ತಿತ್ತು. ‘ಮೈ ಡಾಕ್ಯುಮೆಂಟ್ಸ್’ ಪ್ರತಿ ತೆಗೆದು ಯಂತ್ರವನ್ನು ಫಾರ್ಮ್ಯಾಟ್ ಮಾಡಿದವರಿಗೆ ವಿಳಾಸಗಳು ಕಳೆದುಹೋಗುತ್ತಿದ್ದದ್ದು ಈ ಕಾರಣಕ್ಕೆ.

2007ರಲ್ಲಿ ಬಂದ ವಿಂಡೋಸ್ ವಿಸ್ತಾ ಔಟ್‌ಲುಕ್ ಎಕ್ಸ್‌ಪ್ರೆಸ್ ಬದಲಿಗೆ ವಿಂಡೋಸ್ ಮೇಲ್ ತಂದಿತು. ವಿಳಾಸ ಪುಸ್ತಕ ‘ಕಾಂಟ್ಯಾಕ್ಟ್ಸ್’ ಎಂಬ ಫೋಲ್ಡರ್ ಆಯಿತು, ಒಬ್ಬೊಬ್ಬರಿಗೂ ಒಂದೊಂದು ಎಕ್ಸ್‌ಎಂಎಲ್ ಕಡತ. ಹಳೆಯ ಡಬ್ಲ್ಯುಎಬಿಯನ್ನು ಆಮದು ಮಾಡಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. 2009ರ ವಿಂಡೋಸ್ 7ರಲ್ಲಿ ಇಮೇಲ್ ತಂತ್ರಾಂಶವನ್ನೇ ಕೈಬಿಟ್ಟರು. ಬೇಕಾದವರು ವಿಂಡೋಸ್ ಲೈವ್ ಮೇಲ್ ಇಳಿಸಿಕೊಳ್ಳಬೇಕಾಯಿತು. ಅದು ಸಂಪರ್ಕಗಳನ್ನು ಮತ್ತೊಂದು ಬಗೆಯ ದತ್ತಸಂಚಯದಲ್ಲಿ ಇಟ್ಟಿತು. ಅದಕ್ಕಿದ್ದ ಬೆಂಬಲ 2017ರ ಜನವರಿ 10ಕ್ಕೆ ಮುಗಿಯಿತು. ಮುಂದೆ ಬಂದ ಮೇಲ್, ಪೀಪಲ್ ಆ್ಯಪ್‌ಗಳಿಗೆ ಬೆಂಬಲ ನಿಂತದ್ದು 2024ರ ಡಿಸೆಂಬರ್ 31ಕ್ಕೆ. ಆ ಜಾಗಕ್ಕೆ ಹೊಸ ಔಟ್‌ಲುಕ್ ಬಂದಿದೆ. ಹೀಗೆ ಇಪ್ಪತ್ತೇಳು ವರ್ಷಗಳಲ್ಲಿ ಒಂದೇ ಮನೆಯ ಉಚಿತ ಇಮೇಲ್ ತಂತ್ರಾಂಶ ಬಳಸುತ್ತ ಬಂದವರು ತಮ್ಮ ವಿಳಾಸ ಪುಸ್ತಕವನ್ನು ನಾಲ್ಕು ಬಾರಿ ಹೊತ್ತು ದಾಟಿಸಬೇಕಾಯಿತು.

ಹಣ ಕೊಟ್ಟು ಕೊಳ್ಳುವ ಔಟ್‌ಲುಕ್‌ನ ಹಾದಿ ಬೇರೆ. ಅದರ ಆರಂಭದ ಆವೃತ್ತಿಗಳಲ್ಲಿ ಪಿಎಬಿ ಎಂಬ ವೈಯಕ್ತಿಕ ವಿಳಾಸ ಪುಸ್ತಕವೂ ಪಿಎಸ್‌ಟಿಯ ಸಂಪರ್ಕ ಫೋಲ್ಡರೂ ಒಟ್ಟಿಗೆ ಇದ್ದವು. 2007ರ ಆವೃತ್ತಿ ಪಿಎಬಿಯನ್ನು ಕೈಬಿಟ್ಟು, ಹಳೆಯದನ್ನು ಆಮದು ಮಾಡಿಕೊಳ್ಳಲಷ್ಟೇ ಅವಕಾಶ ಉಳಿಸಿತು.

ಇಲ್ಲಿ ಬಹಳ ಮಂದಿಯನ್ನು ದಾರಿ ತಪ್ಪಿಸಿದ ಇನ್ನೊಂದು ಕಡತವಿದೆ. ವಿಳಾಸ ಬರೆಯುವ ಜಾಗದಲ್ಲಿ ಎರಡಕ್ಷರ ಒತ್ತಿದೊಡನೆ ಪೂರ್ಣ ಹೆಸರು ಇಳಿದು ಬರುತ್ತದಲ್ಲ, ಆ ಪಟ್ಟಿ ವಿಳಾಸ ಪುಸ್ತಕಕ್ಕೆ ಸೇರಿದ್ದಲ್ಲ. ಔಟ್‌ಲುಕ್ 2003 ಮತ್ತು 2007ರಲ್ಲಿ ಅದು ‘ಎನ್‌ಕೆ2’ ಎಂಬ ಬೇರೆಯೇ ಕಡತದಲ್ಲಿ ಇರುತ್ತಿತ್ತು. ಅದನ್ನೇ ವಿಳಾಸ ಪುಸ್ತಕವೆಂದು ನಂಬಿ ಯಾರನ್ನೂ ಸಂಪರ್ಕಗಳಿಗೆ ಸೇರಿಸದೇ ಇದ್ದವರು ಹೊಸ ಯಂತ್ರಕ್ಕೆ ಬಂದಾಗ ಬರಿಗೈಯಲ್ಲಿ ಉಳಿದರು. 2010ರ ಆವೃತ್ತಿಯಿಂದ ಈ ಪಟ್ಟಿ ಅಂಚೆಪೆಟ್ಟಿಗೆಯ ಒಳಕ್ಕೇ ಸೇರಿತು. ಹಳೆಯ ಎನ್‌ಕೆ2 ಕಡತವನ್ನು ಒಳತರಲು ಅದರಲ್ಲಿ ವಿಶೇಷ ಆದೇಶವೂ ಇತ್ತು.

ಥಂಡರ್‌ಬರ್ಡ್

ಮೊಜಿಲ್ಲಾದ ಥಂಡರ್‌ಬರ್ಡ್ 1.0 ಬಿಡುಗಡೆಯಾದದ್ದು 2004ರ ಡಿಸೆಂಬರ್‌ನಲ್ಲಿ. ಅದರ ವಿಳಾಸ ಪುಸ್ತಕ ಮಾರ್ಕ್ ಎಂಬ ಮಾದರಿಯಲ್ಲಿ ಇರುತ್ತಿತ್ತು. ಪಠ್ಯವೇ ಆದರೂ ಮನುಷ್ಯ ಓದಲಾಗದಷ್ಟು ಜಟಿಲ. ಕನ್ನಡದ ಪ್ರತಿ ಬೈಟೂ ಡಾಲರ್ ಚಿಹ್ನೆಯ ಮುಂದಿನ ಎರಡು ಸಂಕೇತಗಳಾಗಿ ಅದರಲ್ಲಿ ಕೂರುತ್ತಿತ್ತು. ಬಳಕೆದಾರ ತಾನೇ ಸೇರಿಸಿದ ದಾಖಲೆಗಳಿಗೆ ಒಂದು ಪುಸ್ತಕ, ಪತ್ರ ಕಳಿಸಿದಾಗ ತಾನಾಗಿ ಕೂಡಿಕೊಂಡ ವಿಳಾಸಗಳಿಗೆ ಇನ್ನೊಂದು ಪುಸ್ತಕ ಎಂಬ ವಿಂಗಡಣೆ ಇತ್ತು. ರಫ್ತು ಮಾಡುವಾಗ ಎರಡನ್ನೂ ಬೇರೆ ಬೇರೆಯಾಗಿ ತೆಗೆಯಬೇಕು ಎಂಬುದನ್ನು ಮರೆಯುವುದು ಸುಲಭ.

2020ರ 78ನೇ ಆವೃತ್ತಿಯಲ್ಲಿ ಮಾರ್ಕ್ ಹೋಗಿ ಎಸ್‌ಕ್ಯುಲೈಟ್ ಎಂಬ ದತ್ತಸಂಚಯ ಬಂತು. ಹಳೆಯ ಕಡತಗಳು ತಾವಾಗಿಯೇ ಪರಿವರ್ತನೆಗೊಂಡವು. 2021ರ 91ನೇ ಆವೃತ್ತಿ ಕಾರ್ಡ್‌ಡ್ಯಾವ್ ಎಂಬ, ಸರ್ವರ್ ಮೂಲಕದ ಸಿಂಕ್ ಕೊಟ್ಟಿತು. 2022ರ 102ನೇ ಆವೃತ್ತಿ ದಾಖಲೆಯ ಒಳರಚನೆಯನ್ನೇ ವಿಕಾರ್ಡ್‌ಗೆ ಬದಲಿಸಿತು. ಇದರ ಫಲ ದೊಡ್ಡದು: ಒಳಗಿರುವ ರೂಪವೂ ಹೊರಗೆ ಸಾಗಿಸುವ ರೂಪವೂ ಒಂದೇ ಆದ್ದರಿಂದ ನಡುವೆ ರೂಪಾಂತರ ಮಾಡುವ ಹಂತವೇ ತಪ್ಪಿತು. ಈ ಕ್ಷೇತ್ರದಲ್ಲಿ ಆದ ಒಳ್ಳೆಯ ನಿರ್ಧಾರಗಳಲ್ಲಿ ಇದೊಂದು.

ವರ್ಗಾವಣೆಯ ವಿಧಾನಗಳು

ಅತ್ಯಂತ ನೇರವಾದದ್ದು ತಂತ್ರಾಂಶದ ಇಡೀ ಪ್ರೊಫೈಲ್ ಫೋಲ್ಡರನ್ನೋ ಸ್ವಂತ ಕಡತವನ್ನೋ ಪ್ರತಿ ಮಾಡುವುದು. ಎರಡೂ ಕಡೆ ಒಂದೇ ತಂತ್ರಾಂಶ, ಹೊಸ ಕಡೆ ಅದೇ ಅಥವಾ ಮುಂದಿನ ಆವೃತ್ತಿ ಇದ್ದರೆ ಏನೂ ಕಳೆಯುವುದಿಲ್ಲ. ಹೊಸ ಆವೃತ್ತಿಯಿಂದ ಹಳೆಯದಕ್ಕೆ ಹಿಂದಿರುಗಲು ಮಾತ್ರ ಈ ದಾರಿ ಸಲ್ಲದು, ಹಳೆಯದಕ್ಕೆ ಹೊಸ ರಚನೆಯ ಪರಿಚಯವಿರುವುದಿಲ್ಲ.

ಎರಡನೆಯದು ರಫ್ತು-ಆಮದು. ತಂತ್ರಾಂಶ ಬದಲಾಗುತ್ತಿದ್ದರೆ ಇದೇ ಮಾರ್ಗ. ಎರಡೂ ಕಡೆ ವಿಕಾರ್ಡ್ ನಡೆಯುವುದಾದರೆ ಅದನ್ನೇ ಆರಿಸಬೇಕು. ಸಿಎಸ್‌ವಿ ಎರಡನೆಯ ಆಯ್ಕೆ. ಒಂದು ತೊಡಕು ನೆನಪಿರಲಿ: ನೂರಾರು ದಾಖಲೆಗಳಿರುವ ಒಂದೇ ವಿಕಾರ್ಡ್ ಕಡತವನ್ನು ಹಳೆಯ ಔಟ್‌ಲುಕ್‌ಗೆ ಕೊಟ್ಟರೆ ಅದು ಮೊದಲ ದಾಖಲೆಯನ್ನಷ್ಟೇ ಓದಿ ಸುಮ್ಮನಾಗುತ್ತದೆ. ಆಗ ಕಡತವನ್ನು ಬಿಡಿಬಿಡಿಯಾಗಿ ಒಡೆಯಬೇಕು, ಇಲ್ಲವೇ ಸಿಎಸ್‌ವಿಗೆ ಹೋಗಬೇಕು.

ಮೂರನೆಯದು ಸರ್ವರ್ ಮೂಲಕ. 2011ರಲ್ಲಿ ಆರ್‌ಎಫ್‌ಸಿ 6352 ಆಗಿ ಬಂದ ಕಾರ್ಡ್‌ಡ್ಯಾವ್, ವಿಕಾರ್ಡ್‌ಗಳನ್ನು ಸರ್ವರ್‌ನಲ್ಲಿಟ್ಟು ಎಲ್ಲ ಸಾಧನಗಳಿಗೂ ಹಂಚುತ್ತದೆ. ಐಕ್ಲೌಡ್, ಗೂಗಲ್, ನೆಕ್ಸ್ಟ್‌ಕ್ಲೌಡ್ ಮುಂತಾದವು ಇದನ್ನು ಬೆಂಬಲಿಸುತ್ತವೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ತನ್ನದೇ ಪ್ರೊಟೊಕಾಲ್ ಬಳಸುತ್ತದೆ. ಹೊಸ ಯಂತ್ರದಲ್ಲಿ ಖಾತೆ ತೆರೆದರೆ ಸಾಕು, ಸಂಪರ್ಕಗಳು ತಾವಾಗಿ ಬರುತ್ತವೆ. ಇಂದು ಬಹುಪಾಲು ಜನ ತಿಳಿಯದೆಯೇ ಮಾಡುವ ವರ್ಗಾವಣೆ ಈ ಬಗೆಯದು.

ಕನ್ನಡ ಲಿಪಿ ಮತ್ತು ಹೆಸರುಗಳು

ಕನ್ನಡದಲ್ಲಿ ಬರೆದಿಟ್ಟ ಹೆಸರುಗಳು ವರ್ಗಾವಣೆಯಲ್ಲಿ ಕೆಡುವುದು ಸಾಮಾನ್ಯ ದೂರು. ಇದರ ಹಿಂದಿರುವುದು ಅಕ್ಷರ ಸಂಕೇತೀಕರಣ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಖಂಡ ಮೀಸಲಾಗಿದೆ. ಯುಟಿಎಫ್-8 ರೂಪದಲ್ಲಿ ಅದರ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕ’ ಅಕ್ಷರದ ಮೂರು ಬೈಟ್‌ಗಳನ್ನು ಷೋಡಶಮಾನದಲ್ಲಿ ಬರೆದರೆ ಇ0, ಬಿ2, 95. ‘ರಾಮ’ ಎಂಬ ಪುಟ್ಟ ಹೆಸರಿನಲ್ಲಿ ರಕಾರ, ಆಕಾರದ ಚಿಹ್ನೆ, ಮಕಾರ ಎಂದು ಮೂರು ಸಂಕೇತಗಳು, ಒಂಬತ್ತು ಬೈಟ್‌ಗಳು. ವಿಕಾರ್ಡ್ 2.1ರಲ್ಲಿ ಪ್ರತಿ ಬೈಟನ್ನೂ ಸಮಚಿಹ್ನೆಯೊಂದಿಗೆ ಮೂರು ಅಕ್ಷರಗಳಾಗಿ ಬರೆಯುವ ಕೋಟೆಡ್-ಪ್ರಿಂಟಬಲ್ ಪದ್ಧತಿ ಇರುವುದರಿಂದ ಆ ಎರಡಕ್ಷರದ ಹೆಸರು 27 ಅಕ್ಷರಗಳಷ್ಟು ಉದ್ದವಾಗುತ್ತದೆ. ಆಂಡ್ರಾಯ್ಡ್ ಫೋನ್‌ಗಳಿಂದ ರಫ್ತಾದ ಕಡತವನ್ನು ತೆರೆದವರಿಗೆ ಕನ್ನಡದ ಬದಲು ಸಮಚಿಹ್ನೆಗಳ ಸಾಲು ಕಾಣುವುದು ಇದರಿಂದ. ಕಡತ ಕೆಟ್ಟಿಲ್ಲ, ಓದಬಲ್ಲ ತಂತ್ರಾಂಶಕ್ಕೆ ಕೊಟ್ಟರೆ ಹೆಸರು ಹಾಗೆಯೇ ಬರುತ್ತದೆ. 3.0ರಿಂದ ಈ ಪದ್ಧತಿ ಹೋಯಿತು, 4.0 ಯುಟಿಎಫ್-8 ಒಂದನ್ನೇ ಒಪ್ಪುತ್ತದೆ.

ವಿಕಾರ್ಡ್ ಸಾಲು 75 ಬೈಟ್ ಮೀರಿದರೆ ಅದನ್ನು ಮಡಚಬೇಕೆಂಬ ನಿಯಮವಿದೆ. ಇಂಗ್ಲಿಷ್‌ಗೆ ಅದು 75 ಅಕ್ಷರ, ಕನ್ನಡಕ್ಕೆ 25 ಸಂಕೇತ. ಮಡಚುವಾಗ ಮೂರು ಬೈಟ್‌ಗಳ ನಡುವೆ ಕತ್ತರಿಸುವ ತಂತ್ರಾಂಶಗಳಿಂದ ಉದ್ದನೆಯ ಕನ್ನಡ ವಿಳಾಸಗಳಲ್ಲಿ ಒಂದೊಂದು ಅಕ್ಷರ ಹಾಳಾಗುತ್ತಿತ್ತು, 4.0 ಹೀಗೆ ಕತ್ತರಿಸುವುದನ್ನು ನಿಷೇಧಿಸಿದೆ.

ಸಿಎಸ್‌ವಿಯಲ್ಲಿ ಎರಡು ಬಗೆಯ ಕೆಡುಕನ್ನು ಬೇರ್ಪಡಿಸಿ ಗುರುತಿಸಬೇಕು. ಯುಟಿಎಫ್-8 ಕಡತವನ್ನು ಎಕ್ಸೆಲ್ ಪಾಶ್ಚಾತ್ಯ ಸಂಕೇತವೆಂದು ಓದಿದರೆ ‘ಕ’ ಇರಬೇಕಾದ ಕಡೆ ಮೇಲೆ ಓರೆಗೆರೆಯಿರುವ ಲ್ಯಾಟಿನ್ ಅಕ್ಷರ, ಮೇಲೇರಿದ ಸಣ್ಣ 2, ಒಂದು ದಪ್ಪ ಚುಕ್ಕಿ ಕಾಣುತ್ತವೆ. ಸಾಲಿನ ತುಂಬ ಇಂಥ ಗುಂಪು ಮರುಕಳಿಸಿದರೆ ಮಾಹಿತಿ ಭದ್ರವಾಗಿದೆ, ಓದುವ ಸಂಕೇತ ಮಾತ್ರ ತಪ್ಪು. ಏನನ್ನೂ ಉಳಿಸದೆ ಕಡತವನ್ನು ಮುಚ್ಚಿ, ಆಮದು ಮಾಡುವಾಗ ಯುಟಿಎಫ್-8 ಎಂದು ಆರಿಸಿದರೆ ಸರಿಹೋಗುತ್ತದೆ. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಆ ಕಡತದಿಂದ ಹೆಸರನ್ನು ಮರಳಿ ಪಡೆಯಲಾಗದು. ವಿಂಡೋಸ್‌ನ ಹಳೆಯ ಎಎನ್‌ಎಸ್‌ಐ ಸಂಕೇತಪುಟಗಳಲ್ಲಿ ಕನ್ನಡಕ್ಕೆ ಪುಟವೇ ಇರಲಿಲ್ಲ. ಆ ಪುಟಗಳನ್ನು ಬಳಸಿ ಬರೆಯುತ್ತಿದ್ದ ಔಟ್‌ಲುಕ್‌ನ ಹಳೆಯ ಆವೃತ್ತಿಗಳ ಸಿಎಸ್‌ವಿಯಲ್ಲಿ ಕನ್ನಡ ಹೀಗೆ ಅಳಿಸಿಹೋಗುತ್ತಿತ್ತು. ಆಗ ಮೂಲ ತಂತ್ರಾಂಶಕ್ಕೇ ಹಿಂದಿರುಗಿ ಬೇರೆ ಮಾದರಿಯಲ್ಲಿ ರಫ್ತು ಮಾಡಬೇಕು.

ನುಡಿ, ಬರಹ ತಂತ್ರಾಂಶಗಳ ಯುನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಎಕ್ಸೆಲ್ ಪಟ್ಟಿ ಮಾಡಿಟ್ಟ ಸಂಘ-ಸಂಸ್ಥೆಗಳು ಎದುರಿಸುವುದು ಮತ್ತೊಂದು ಸಮಸ್ಯೆ. ಆ ಕಡತದಲ್ಲಿರುವುದು ಲ್ಯಾಟಿನ್ ಸಂಕೇತಗಳು, ಕನ್ನಡವಾಗಿ ತೋರಿಸುವುದು ಫಾಂಟ್. ಸಿಎಸ್‌ವಿಯಲ್ಲಿ ಫಾಂಟ್ ಸಾಗುವುದಿಲ್ಲ. ರಫ್ತಿಗೆ ಮುಂಚೆಯೇ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಕೊಳ್ಳುವುದು ಅನಿವಾರ್ಯ.

ಲಿಪಿಯಷ್ಟೇ ಮುಖ್ಯವಾದದ್ದು ಹೆಸರಿನ ರಚನೆ. ಕರ್ನಾಟಕದ ಬಹಳಷ್ಟು ಹೆಸರುಗಳಲ್ಲಿ ಮುಂದಿನ ಇನಿಷಿಯಲ್ ಊರನ್ನೂ ತಂದೆಯನ್ನೂ ಸೂಚಿಸುತ್ತದೆ. ಕೆ. ವಿ. ಪುಟ್ಟಪ್ಪ ಎಂಬಲ್ಲಿ ‘ಕೆ’ ಕುಪ್ಪಳಿ ಎಂಬ ಊರು, ‘ವಿ’ ತಂದೆ ವೆಂಕಟಪ್ಪ, ಪುಟ್ಟಪ್ಪ ಎಂಬುದು ಇಟ್ಟ ಹೆಸರು. ಕೊನೆಯ ಪದವನ್ನು ಕುಟುಂಬದ ಹೆಸರೆಂದು ಭಾವಿಸುವ ತಂತ್ರಾಂಶ ಪುಟ್ಟಪ್ಪ ಎಂಬುದನ್ನು ಮನೆತನದ ಅಂಕಣಕ್ಕೂ ಊರಿನ ಇನಿಷಿಯಲ್ಲನ್ನು ಇಟ್ಟ ಹೆಸರಿನ ಅಂಕಣಕ್ಕೂ ಹಾಕುತ್ತದೆ. ದ. ರಾ. ಬೇಂದ್ರೆ ಎಂಬಲ್ಲಿ ಅದೇ ಊಹೆ ಸರಿಯಾಗುತ್ತದೆ. ಬೇಂದ್ರೆ ಮನೆತನದ ಹೆಸರು, ದತ್ತಾತ್ರೇಯ ಇಟ್ಟ ಹೆಸರು. ಎರಡೂ ಬಗೆಯ ಹೆಸರುಗಳು ಒಂದೇ ಪುಸ್ತಕದಲ್ಲಿ ಇರುವುದರಿಂದ ಒಂದೇ ನಿಯಮ ಎಲ್ಲರಿಗೂ ಹೊಂದದು. ಪೂರ್ಣ ಹೆಸರಿನ ಕ್ಷೇತ್ರವನ್ನು ತಪ್ಪದೆ ತುಂಬಿಡುವುದು ಇಲ್ಲಿ ಇರುವ ನಂಬಿಕೆಯ ದಾರಿ.

ಒಬ್ಬರೇ ‘ಮಂಜುನಾಥ’ ಎಂದು ಕನ್ನಡದಲ್ಲೂ ಅದೇ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲೂ ಎರಡು ಕಡೆ ದಾಖಲಾಗಿದ್ದರೆ ಹೆಸರು ಹೋಲಿಸುವ ತಂತ್ರಾಂಶಕ್ಕೆ ಅವರು ಇಬ್ಬರು. ಸಂಕೇತಗಳ ಕ್ರಮದಲ್ಲಿ ವಿಂಗಡಿಸಿದಾಗ ಇಂಗ್ಲಿಷ್ ಹೆಸರುಗಳೆಲ್ಲ ಮೊದಲು, ಕನ್ನಡದವು ಕೊನೆಗೆ ಬರುವುದರಿಂದ ಜೋಡಿ ದಾಖಲೆ ಕಣ್ಣಿಗೂ ಬೀಳುವುದಿಲ್ಲ. ಇಮೇಲ್ ವಿಳಾಸ ಅಥವಾ ಫೋನ್ ಸಂಖ್ಯೆಯ ಆಧಾರದ ಮೇಲೆ ಹುಡುಕಿದರೆ ಮಾತ್ರ ಸಿಗುತ್ತದೆ.

ಸಂಖ್ಯೆ, ದಿನಾಂಕಗಳ ದೋಷಗಳು

ಎಕ್ಸೆಲ್ ಸಿಎಸ್‌ವಿಯನ್ನು ತೆರೆದೊಡನೆ ಅಂಕಿಗಳನ್ನೆಲ್ಲ ಲೆಕ್ಕದ ಸಂಖ್ಯೆಗಳೆಂದು ಭಾವಿಸುತ್ತದೆ. ಬೆಂಗಳೂರಿನ 080 ಎಂಬ ಸಂಕೇತದ ಮೊದಲ ಸೊನ್ನೆ ಬಿದ್ದುಹೋಗಿ 80 ಉಳಿಯುತ್ತದೆ. ಕೂಡುಚಿಹ್ನೆಯೊಂದಿಗೆ 91 ಸೇರಿಸಿ ಬರೆದ 12 ಅಂಕಿಗಳ ಮೊಬೈಲ್ ಸಂಖ್ಯೆಯ ಚಿಹ್ನೆ ಕಳಚಿ, ಸಂಖ್ಯೆ 9.19ಇ+11 ಎಂಬ ಘಾತ ರೂಪಕ್ಕೆ ತಿರುಗುತ್ತದೆ. ಆ ಸ್ಥಿತಿಯಲ್ಲಿ ಸಿಎಸ್‌ವಿಯಾಗಿ ಉಳಿಸಿದರೆ ಕಂಡದ್ದೇ ಕಡತಕ್ಕೆ ಇಳಿದು ಉಳಿದ ಅಂಕಿಗಳು ಮರಳಿ ಬಾರದಂತೆ ಹೋಗುತ್ತವೆ. ಅಂಕಣವನ್ನು ಮೊದಲೇ ‘ಟೆಕ್ಸ್ಟ್’ ಎಂದು ಗೊತ್ತುಪಡಿಸಿ ಆಮದು ಮಾಡಿಕೊಂಡರೆ ಈ ಹಾನಿ ತಪ್ಪುತ್ತದೆ. ದೂರವಾಣಿ ಸಂಖ್ಯೆಗಳ ಅಂತರರಾಷ್ಟ್ರೀಯ ಮಾನಕವಾದ ಇ.164 ದೇಶದ ಸಂಕೇತ ಸೇರಿ ಗರಿಷ್ಠ 15 ಅಂಕಿಗಳನ್ನು ಹೇಳುತ್ತದೆ. ಸ್ಥಿರ ದೂರವಾಣಿಯಿಂದ ಮೊಬೈಲ್‌ಗೆ ಕರೆ ಮಾಡಲು 2021ರ ಜನವರಿ 15ರಿಂದ ಭಾರತದಲ್ಲಿ ಮೊದಲು ಸೊನ್ನೆ ಒತ್ತಬೇಕಾಗಿರುವುದರಿಂದ, ಒಂದೇ ಸಂಖ್ಯೆ ಸೊನ್ನೆಯೊಂದಿಗೆ, ಇಲ್ಲದೆ, 91ರೊಂದಿಗೆ ಎಂದು ಮೂರು ರೂಪದಲ್ಲಿ ದಾಖಲಾಗಿರುವುದುಂಟು. ದೇಶದ ಸಂಕೇತದೊಂದಿಗೆ ಒಂದೇ ರೂಪದಲ್ಲಿ ಬರೆಯುವುದು ಎಲ್ಲ ತಂತ್ರಾಂಶಗಳಿಗೂ ಒಪ್ಪುತ್ತದೆ.

ಹುಟ್ಟಿದ ದಿನದ ಗೊಂದಲ ಇನ್ನೊಂದು ಬಗೆಯದು. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು, ನಮ್ಮಲ್ಲಿ ದಿನ ಮೊದಲು. 4/12 ಎಂದರೆ ಏಪ್ರಿಲ್ಲೋ ಡಿಸೆಂಬರೋ ಎಂದು ಸಿಎಸ್‌ವಿ ಹೇಳುವುದಿಲ್ಲ. ಔಟ್‌ಲುಕ್ ಖಾಲಿ ಹುಟ್ಟುದಿನವನ್ನು 0/0/00 ಎಂದು ಬರೆಯುತ್ತಿತ್ತು. ಆಪಲ್ ತಂತ್ರಾಂಶ ವರ್ಷ ಗೊತ್ತಿಲ್ಲದ ಹುಟ್ಟುದಿನಕ್ಕೆ 1604 ಎಂಬ ವರ್ಷ ಹಾಕಿ, ಅದನ್ನು ಲೆಕ್ಕಿಸಬಾರದೆಂದು ತನ್ನದೇ ಗುರುತು ಸೇರಿಸುತ್ತದೆ. ಆ ಗುರುತು ತಿಳಿಯದ ತಂತ್ರಾಂಶದಲ್ಲಿ ಸ್ನೇಹಿತನಿಗೆ ನಾನೂರು ವರ್ಷ ದಾಟಿರುತ್ತದೆ.

ಕಾನೂನು

ತನ್ನ ಮಾಹಿತಿಯನ್ನು ಸಾಗಿಸುವ ಹಕ್ಕನ್ನು ಯುರೋಪಿನ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮದ 20ನೇ ವಿಧಿ ಮಾನ್ಯ ಮಾಡಿದೆ. ಅದು 2018ರ ಮೇ 25ರಿಂದ ಜಾರಿಯಲ್ಲಿದೆ. ಭಾರತದ 2019ರ ವೈಯಕ್ತಿಕ ದತ್ತಾಂಶ ಮಸೂದೆಯಲ್ಲಿ ಇಂಥ ಹಕ್ಕಿನ ಪ್ರಸ್ತಾಪವಿತ್ತು. 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ವ್ಯಕ್ತಿಯೊಬ್ಬ ಸ್ವಂತ ಬಳಕೆಗೆ ಇಟ್ಟುಕೊಂಡ ವಿಳಾಸ ಪುಸ್ತಕ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ವಿಳಾಸ ಪುಸ್ತಕದಲ್ಲಿರುವುದು ಬೇರೆಯವರ ಮಾಹಿತಿ. ‘ಉಚಿತ ಪರಿವರ್ತಕ’ ಎಂದು ಸಿಗುವ ಅಪರಿಚಿತ ಜಾಲತಾಣಕ್ಕೆ ಕಡತವನ್ನು ಏರಿಸುವುದೆಂದರೆ ನೂರಾರು ಜನರ ಫೋನ್ ಸಂಖ್ಯೆಗಳನ್ನು ಅವರನ್ನು ಕೇಳದೆ ಒಪ್ಪಿಸಿದಂತೆ, ಅದನ್ನು ಮಾಡಬಾರದು.

ಇಂದಿನ ಸ್ಥಿತಿ

ಗೂಗಲ್ ಖಾತೆಯ ಸಂಪರ್ಕಗಳಲ್ಲಿ 25,000 ದಾಖಲೆಗಳವರೆಗೆ ಇಡಬಹುದು, ಒಮ್ಮೆಗೆ 3,000 ಆಮದು ಮಾಡಬಹುದು. ಅಳಿಸಿದ್ದನ್ನು 30 ದಿನಗಳೊಳಗೆ ಮರಳಿ ಪಡೆಯುವ ಅವಕಾಶವೂ ಇದೆ. ಆಮದು ಎಡವಟ್ಟಾದಾಗ ಇದು ನೆರವಿಗೆ ಬರುತ್ತದೆ. ಮಾನಕಗಳ ಕಡೆಯಲ್ಲಿ 2024ರಲ್ಲಿ ಜೆಎಸ್‌ಕಾಂಟ್ಯಾಕ್ಟ್ ಎಂಬ ಹೊಸ ಮಾದರಿ ಆರ್‌ಎಫ್‌ಸಿ 9553 ಆಗಿ ಪ್ರಕಟವಾಯಿತು. ಇದು ಜೇಸನ್ ರೂಪದಲ್ಲಿದೆ. ಹೆಸರಿನ ಭಾಗಗಳ ಕ್ರಮವನ್ನು ದಾಖಲೆಯೇ ಹೇಳಿಕೊಳ್ಳುವ ಸೌಲಭ್ಯ ಅದರಲ್ಲಿದೆ. ವಿಕಾರ್ಡ್‌ಗೂ ಅದಕ್ಕೂ ನಡುವೆ ಪರಿವರ್ತನೆಯ ನಿಯಮಗಳನ್ನು ಜೊತೆಗೇ ಕೊಟ್ಟಿದ್ದಾರೆ.

ಬಳಕೆಯಲ್ಲಿ ಬದಲಾವಣೆ ನಿಧಾನ. ಥಂಡರ್‌ಬರ್ಡ್ ವಿಕಾರ್ಡ್ 4.0ಕ್ಕೆ ಬಂದಿದೆ. ಗೂಗಲ್ ಮತ್ತು ಐಕ್ಲೌಡ್ ಸಂಪರ್ಕಗಳನ್ನು ರಫ್ತು ಮಾಡಿದರೆ ಕೈಗೆ ಬರುವುದು ಈಗಲೂ 1998ರ ವಿಕಾರ್ಡ್ 3.0 ಕಡತ.